ಬಂದ ದಿನ ಗೊತ್ತು, ಹೋದ ದಿನ ಗೊತ್ತಿಲ್ಲ

ಶಿವರಾತ್ರಿ ಕಳೆದರೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದೆ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳದವರು ಕಡಿಮೆ. ಆದರೆ ಚಳಿ ಒಂಟಿಯಾಗಿ ಹೋಗುವುದಿಲ್ಲ. ಅದರ ಹಿಂದುಮುಂದೆ ಅಸಂಖ್ಯ ಹಕ್ಕಿಗಳು ನಮ್ಮ ಕೆರೆ, ಹೊಲ, ತೋಟಗಳನ್ನು ಬಿಟ್ಟು ಉತ್ತರಕ್ಕೆ ಹೊರಟುಬಿಡುತ್ತವೆ. ಅಕ್ಟೋಬರಿನಲ್ಲಿ ಅವು ಬಂದಾಗ ಪತ್ರಿಕೆಗಳಲ್ಲಿ ಫೋಟೋ ಬರುತ್ತದೆ, ಕೆರೆಯ ಏರಿಯ ಮೇಲೆ ಜನ ಸೇರುತ್ತಾರೆ. ಹೊರಡುವಾಗ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಒಂದು ದಿನ ಕೆರೆ ಬರಿದಾಗಿ ಕಾಣುತ್ತದೆ. ಎಂದಿನಿಂದ ಹೀಗೆ ಎಂದು ಕೇಳಿದರೆ ಹೇಳುವವರಿಲ್ಲ.

ಚಳಿ ದೇಶಗಳ ಮಕ್ಕಳಿಗೆ ವಸಂತವೆಂದರೆ ಹಕ್ಕಿಗಳು ಮರಳಿ ಬರುವ ಕಾಲ. ಹಿಮ ಕರಗಿದ ಮೇಲೆ ಮೊದಲ ಕವಲುತೋಕೆಯನ್ನು ಕಂಡವರಿಗೆ ಅಲ್ಲಿ ಸಂಭ್ರಮ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ನಮ್ಮ ವಸಂತ ಅರ್ಧ ಬೀಳ್ಕೊಡುಗೆ, ಅರ್ಧ ಹಾಡು: ಅತಿಥಿಗಳು ಗಂಟುಮೂಟೆ ಕಟ್ಟುವ ಹೊತ್ತಿಗೆ ಸರಿಯಾಗಿ, ಚಳಿಗಾಲವೆಲ್ಲ ಬಾಯಿ ಮುಚ್ಚಿಕೊಂಡಿದ್ದ ಮನೆಯವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಈ ಎರಡನ್ನೂ ನೋಡಲು ಕಾಡಿಗೆ ಹೋಗಬೇಕಾಗಿಲ್ಲ, ದುರ್ಬೀನೂ ಕಡ್ಡಾಯವಲ್ಲ. ಮನೆಯ ಹಿತ್ತಲು, ಶಾಲೆಯ ಮೈದಾನ, ಬಸ್ ನಿಲ್ದಾಣದ ಪಕ್ಕದ ಹೊಂಗೆಮರ ಸಾಕು.

ಗಡ್ಡ ಬೆಳೆಸುವ ಸಿಪಿಲೆ

ಬಾಲವನ್ನು ಮೇಲಕ್ಕೂ ಕೆಳಕ್ಕೂ ಬಿಡುವಿಲ್ಲದೆ ಕುಣಿಸುತ್ತ ನೀರಿನ ಅಂಚಿನಲ್ಲಿ ಓಡಾಡುವ ಸಿಪಿಲೆಯನ್ನು ನೀವು ನೋಡಿರಲೇಬೇಕು. ಕೆಲವು ಕಡೆ ಇದನ್ನು ಕುಂಡೆಕುಸ್ಕ ಎಂದು ಕರೆಯುತ್ತಾರೆ. ಹೆಸರಿನಲ್ಲೇ ಅದರ ಸ್ವಭಾವವಿದೆ. ಸಿಪಿಲೆಗಳಲ್ಲಿ ಬಿಳಿಹುಬ್ಬಿನ ದೊಡ್ಡದೊಂದು ವರ್ಷವಿಡೀ ನಮ್ಮಲ್ಲೇ ಇರುವಂಥದು. ಬೂದು ಸಿಪಿಲೆ ಹಾಗಲ್ಲ, ಅದು ಚಳಿಗಾಲದ ಅತಿಥಿ. ಬೆನ್ನು ಬೂದಿ, ಹೊಟ್ಟೆ ಹಳದಿ. ಹಿಮಾಲಯದ ಮತ್ತು ಅದರಾಚೆಯ ಬೆಟ್ಟದ ತೊರೆಗಳಲ್ಲಿ ಮರಿ ಮಾಡಿ ಸೆಪ್ಟೆಂಬರಿನ ಹೊತ್ತಿಗೇ ದಕ್ಷಿಣಕ್ಕೆ ಇಳಿದುಬಿಡುತ್ತದೆ. ಮಲೆನಾಡಿನ ಹಳ್ಳ, ಕಾಫಿ ತೋಟದ ಕಣ, ಊರಿನ ಚರಂಡಿಯ ಪಕ್ಕ, ಎಲ್ಲ ಕಡೆಯೂ ಅದರ ಓಡಾಟ. ಕಾಲಿಗೆ ಉಂಗುರ ತೊಡಿಸಿ ನೋಡಿದಾಗ ಸಿಪಿಲೆಯಂಥ ಸಣ್ಣ ಹಕ್ಕಿಗಳೂ ಮರುವರ್ಷ ಅದೇ ತೋಟ, ಅದೇ ಅಂಗಳಕ್ಕೆ ಮರಳುವುದು ಖಚಿತವಾಗಿದೆ. ನಿಮ್ಮ ಮನೆಯ ಹಿಂದೆ ಈ ವರ್ಷ ಬಾಲ ಕುಣಿಸಿದ ಹಕ್ಕಿ ಕಳೆದ ವರ್ಷದ್ದೇ ಆಗಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಚಳಿಗಾಲದುದ್ದಕ್ಕೂ ಗಂಡಿನ ಕತ್ತು ಬೆಳ್ಳಗಿರುತ್ತದೆ. ಫೆಬ್ರುವರಿ ಕಳೆದು ಮಾರ್ಚ್ ಬಂದಂತೆ ಅಲ್ಲಿ ಒಂದೊಂದೇ ಕಪ್ಪು ಗರಿ ಮೂಡಲು ಆರಂಭ. ಮೊದಲು ಕೊಳೆ ಮೆತ್ತಿಕೊಂಡಂತೆ ಕಾಣುತ್ತದೆ. ನಂತರ ಅಚ್ಚುಕಟ್ಟಾದ ಕರಿಯ ಗಡ್ಡವೇ ಬರುತ್ತದೆ. ಗದ್ದೆಬಯಲಿನಲ್ಲಿ ದನಗಳ ಕಾಲಡಿ ಹುಳ ಹಿಡಿಯುತ್ತಿದ್ದ ಮಾಸಲು ಹಳದಿ ಸಿಪಿಲೆಗಳೂ ಇದೇ ವೇಳೆಗೆ ಹೊಸ ಬಣ್ಣ ತಳೆಯುತ್ತವೆ. ಮದುವೆಯ ಬಟ್ಟೆಯನ್ನು ಇಲ್ಲೇ ಹೊಲಿಸಿಕೊಂಡು, ಮದುವೆಗೆ ಊರಿಗೆ ಹೋದ ಹಾಗೆ! ನಮ್ಮಲ್ಲಿ ವಸಂತದ ಮೊದಲ ಗುರುತು ಯಾವುದು ಎಂದು ಕೇಳಿದರೆ ಮಾವಿನ ಹೂವು ಎನ್ನುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಸಿಪಿಲೆಯ ಗಡ್ಡ. ಗಡ್ಡ ಪೂರ್ತಿಯಾಗಿದೆ ಎಂದು ಕಂಡ ಮೇಲೆ ಹೆಚ್ಚು ದಿನ ಹಕ್ಕಿ ನಿಲ್ಲುವುದಿಲ್ಲ.

ಕ್ಯಾಲೆಂಡರ್ ಇಲ್ಲದವರ ಲೆಕ್ಕ

ಹೊರಡುವ ಕಾಲ ಬಂತೆಂದು ಹಕ್ಕಿಗೆ ಹೇಳುವವರು ಯಾರು? ಬಿಸಿಲು ಜೋರಾದುದರಿಂದ ಹೋಗುತ್ತವೆ ಎನ್ನುವುದು ಸಾಮಾನ್ಯ ಊಹೆ. ಅದು ಪೂರ್ತಿ ಸರಿಯಲ್ಲ. 1920ರ ದಶಕದಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿ ವಿಲಿಯಂ ರೋವನ್ ಎಂಬ ಪ್ರಾಧ್ಯಾಪಕರು ಇದನ್ನು ಪರೀಕ್ಷಿಸಿ ನೋಡಿದರು. ಜುಂಕೊ ಎಂಬ ಗುಬ್ಬಚ್ಚಿಯಷ್ಟು ದೊಡ್ಡ ಹಕ್ಕಿಗಳನ್ನು ಬಯಲಿನ ಪಂಜರದಲ್ಲಿ, ಕೊರೆಯುವ ಚಳಿಯಲ್ಲೇ ಇಟ್ಟು, ಸಂಜೆಯ ಮೇಲೆ ದಿನಕ್ಕೆ ಕೆಲವು ನಿಮಿಷ ಹೆಚ್ಚಿಸುತ್ತ ವಿದ್ಯುತ್ ದೀಪ ಉರಿಸಿದರು. ಸುತ್ತ ಹಿಮ ಬಿದ್ದಿದ್ದರೂ ಆ ಹಕ್ಕಿಗಳ ದೇಹ ವಸಂತ ಬಂದಿತೆಂದೇ ತಿಳಿದು ಸಂತಾನೋತ್ಪತ್ತಿಗೆ ಸಜ್ಜಾಗತೊಡಗಿತು. ದೀಪವಿಲ್ಲದ ಪಕ್ಕದ ಪಂಜರದ ಹಕ್ಕಿಗಳಲ್ಲಿ ಇಂಥ ಬದಲಾವಣೆ ಆಗಲಿಲ್ಲ. ಹಕ್ಕಿ ಲೆಕ್ಕ ಹಾಕುವುದು ಚಳಿಯನ್ನಲ್ಲ, ಹಗಲಿನ ಉದ್ದವನ್ನು ಎಂದು ಈ ಸರಳ ಪ್ರಯೋಗ ತೋರಿಸಿಕೊಟ್ಟಿತು. ಹಕ್ಕಿಗಳು ಈ ಬೆಳಕನ್ನು ಕಣ್ಣಿನಿಂದ ಮಾತ್ರ ಅಳೆಯುವುದಿಲ್ಲ. ತೆಳುವಾದ ತಲೆಬುರುಡೆಯ ಮೂಲಕ ಒಳಗಿಳಿಯುವ ಬೆಳಕನ್ನು ಗ್ರಹಿಸುವ ಕೋಶಗಳು ಅವುಗಳ ಮಿದುಳಿನಲ್ಲೇ ಇವೆ ಎಂದು ಮುಂದಿನ ಸಂಶೋಧನೆಗಳು ಹೇಳಿದವು.

ಇಲ್ಲಿ ಒಂದು ತೊಡಕಿದೆ. ಮಂಗೋಲಿಯಾದಲ್ಲಿ ಚಳಿಗಾಲದ ಹಗಲು ಎಂಟು ಗಂಟೆಯ ಆಸುಪಾಸು, ಬೇಸಿಗೆಯ ಹಗಲು ಹದಿನಾರು. ಅಲ್ಲಿನ ಹಕ್ಕಿಗೆ ಕಾಲ ತಿಳಿಯುವುದು ಸುಲಭ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ಏರಿಳಿತವನ್ನು ಹಿಡಿದು ಲೆಕ್ಕ ಹಾಕುವುದು ಕಷ್ಟದ ಕೆಲಸ. ಅದಕ್ಕೇ ಪ್ರಕೃತಿ ಇನ್ನೊಂದು ಏರ್ಪಾಡು ಮಾಡಿದೆ. ಜರ್ಮನಿಯ ವಿಜ್ಞಾನಿಗಳು ಉಲಿಯಕ್ಕಿಗಳನ್ನು ವರ್ಷವಿಡೀ ಒಂದೇ ಅಳತೆಯ ಹಗಲಿನಲ್ಲಿ ಸಾಕಿದಾಗಲೂ ಅವು ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಗರಿ ಬದಲಿಸಿದವು, ಕೊಬ್ಬು ತುಂಬಿಕೊಂಡವು, ವಲಸೆಯ ಹೊತ್ತಿಗೆ ರಾತ್ರಿಯೆಲ್ಲ ಪಂಜರದಲ್ಲಿ ಚಡಪಡಿಸಿದವು. ಒಳಗೇ ಒಂದು ವಾರ್ಷಿಕ ಗಡಿಯಾರ ಓಡುತ್ತಿರುತ್ತದೆ. ಹೊರಗಿನ ಬೆಳಕು ಅದರ ಮುಳ್ಳನ್ನು ಆಗಾಗ ಸರಿಪಡಿಸುತ್ತದೆ, ಅಷ್ಟೇ.

ಮಾತಿಗೆ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇನೆ. ಸಂಕ್ರಾಂತಿಯಿಂದ ಹಗಲು ಬೆಳೆಯುತ್ತದೆ ಎನ್ನುವುದು ನಮ್ಮಲ್ಲಿ ರೂಢಿ. ಆಕಾಶದ ಲೆಕ್ಕದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷದ ನಿಧಾನ ತಿರುಗಾಟದಿಂದ ಶತಮಾನಗಳಲ್ಲಿ ಹಬ್ಬವೂ ಅಯನವೂ ದೂರ ಸರಿದಿವೆ. ಹಕ್ಕಿಗಳಂತೂ ಪಂಚಾಂಗ ನೋಡುವುದಿಲ್ಲ. ನಾವು ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಅವುಗಳ ಉತ್ತರಾಯಣ ಶುರುವಾಗಿ ಮೂರು ವಾರ ಆಗಿರುತ್ತದೆ.

ಮಂಗನ ಕಾಯಿಲೆ ಮತ್ತು ಅಲ್ಯೂಮಿನಿಯಂ ಉಂಗುರ

ನಮ್ಮ ಚಳಿಗಾಲದ ಹಕ್ಕಿಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಗೆ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಉತ್ತರ ಹುಡುಕಿದ ಕಥೆ ಶಿವಮೊಗ್ಗ ಜಿಲ್ಲೆಯ ಒಂದು ಕಾಡಿನೊಂದಿಗೆ ತಳಕು ಹಾಕಿಕೊಂಡಿದೆ. ಇದು ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಇರಬೇಕಾದ ಕಥೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುಬಿದ್ದವು. ಸುತ್ತಮುತ್ತಲ ಹಳ್ಳಿಗರಿಗೆ ಭಯಂಕರ ಜ್ವರ. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು, ವೈದ್ಯಲೋಕ ಕಾಡಿನ ಹೆಸರನ್ನೇ ಕೊಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಾಣುವನ್ನು ಬೇರ್ಪಡಿಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಅದು ರಷ್ಯಾದಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಹರಡುವ, ಉಣುಗುಗಳ ಮೂಲಕ ಅಂಟುವ ಒಂದು ಮಿದುಳುಜ್ವರದ ರೋಗಾಣುವಿಗೆ ಹತ್ತಿರದ ಸಂಬಂಧಿ! ರಷ್ಯಾದ ರೋಗದ ಬಂಧು ಮಲೆನಾಡಿನಲ್ಲಿ ಹೇಗೆ? ವಲಸೆ ಹಕ್ಕಿಗಳ ಮೈಮೇಲೆ ಅಂಟಿಕೊಂಡು ಬಂದ ಉಣುಗು ಇದನ್ನು ತಂದಿರಬಹುದೇ ಎಂಬ ಸಂಶಯ ಹುಟ್ಟಿತು.

ಸಂಶಯ ಬಗೆಹರಿಯಬೇಕಾದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕಲ್ಲ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಗೆ ಕೈಹಾಕಿತು. ಮುಂದಾಳು ಸಲೀಂ ಅಲಿ. ನುಣುಪಾದ ಬಲೆಯಲ್ಲಿ ಹಕ್ಕಿಯನ್ನು ಹಿಡಿದು, ತೂಗಿ, ಅಳೆದು, ಕಾಲಿಗೆ ಸಂಖ್ಯೆಯಿರುವ ಹಗುರ ಅಲ್ಯೂಮಿನಿಯಂ ಉಂಗುರ ಹಾಕಿ ಬಿಟ್ಟುಬಿಡುವುದು. ಅದು ಮುಂದೆ ಎಲ್ಲಿಯೋ ಸಿಕ್ಕರೆ, ಸಿಕ್ಕವರು ಉಂಗುರದ ಮೇಲಿನ ವಿಳಾಸಕ್ಕೆ ಒಂದು ಕಾಗದ ಬರೆದರೆ, ಭೂಪಟದ ಮೇಲೆ ಒಂದು ಗೆರೆ ಎಳೆಯಬಹುದು. ಬರೆಯುವವರು ಸಾವಿರಕ್ಕೆ ಒಬ್ಬರೋ ಇಬ್ಬರೋ. ಆದರೂ ಭಾರತದಲ್ಲಿ ಉಂಗುರ ತೊಟ್ಟ ಬಾತುಗಳು ಅಂದಿನ ಸೋವಿಯತ್ ಒಕ್ಕೂಟದ ದೂರದೂರದ ಮೂಲೆಗಳಲ್ಲಿ ಸಿಕ್ಕವು. ಕಾಯಿಲೆಯನ್ನು ಹಕ್ಕಿಗಳು ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ರೋಗಾಣು ಇಲ್ಲಿಯದೇ, ಕಾಡಿನ ಉಣುಗುಗಳಲ್ಲಿ ಮೊದಲಿನಿಂದ ಇದ್ದುದು ಎಂದೇ ಇಂದು ತಿಳಿಯಲಾಗಿದೆ. ಹಕ್ಕಿಗಳ ಮೇಲಿನ ಅಪವಾದ ಹೋಯಿತು; ಅವುಗಳ ವಿಳಾಸ ಮಾತ್ರ ನಮಗೆ ದಕ್ಕಿತು. ಕ್ಯಾಸನೂರಿನ ಜನ ಪಟ್ಟ ಪಾಡಿನಿಂದ ಹೊರಬಂದ ಒಂದು ಅನಿರೀಕ್ಷಿತ ಫಲ ಇದು.

ಮಾಗಡಿ ಕೆರೆಯ ಪರ್ವತಾರೋಹಿಗಳು

ಮಾಗಡಿ ಎಂದಕೂಡಲೇ ಕೆಂಪೇಗೌಡರ ಊರು ನೆನಪಾಗುವುದು ಸಹಜ. ಇದು ಬೇರೆ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಮಳೆನೀರು ನಿಲ್ಲಿಸಲು ಕಟ್ಟಿದ ಸಾಧಾರಣ ಕೆರೆ. ಸುತ್ತ ಶೇಂಗಾ, ಜೋಳ, ಕಡಲೆ ಬೆಳೆಯುವ ಹೊಲಗಳು. ನವೆಂಬರ್ ಬಂತೆಂದರೆ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿಯುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿ. ಒಮ್ಮೆ ನೋಡಿದರೆ ಮರೆಯುವಂತಿಲ್ಲ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲಗಳಲ್ಲಿ ಮೇವು. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಇದೂ ಒಂದು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅದರ ಜೊತೆಗೇ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಸೇರಿದವು. ರಂಗನತಿಟ್ಟು 2022ರಲ್ಲೇ ಸೇರಿತ್ತು.

ಈ ಹೆಬ್ಬಾತುಗಳು ಮರಿ ಮಾಡುವುದು ಲಡಾಖಿನ ಎತ್ತರದ ಸರೋವರಗಳಲ್ಲಿ, ಟಿಬೆಟ್ಟಿನಲ್ಲಿ, ಮಂಗೋಲಿಯಾದಲ್ಲಿ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ತೊಡಿಸಿಕೊಂಡ ಹಕ್ಕಿಗಳನ್ನು ಕರ್ನಾಟಕದ ಕೆರೆಗಳಲ್ಲಿ ಪಕ್ಷಿವೀಕ್ಷಕರು ನೋಡಿ ಸಂಖ್ಯೆ ಓದಿದ್ದಾರೆ. ಅಂದರೆ ನಾಲ್ಕು ಸಾವಿರ ಕಿಲೋಮೀಟರಿಗೂ ಮಿಗಿಲಾದ ಹಾದಿ, ನಡುವೆ ಅಡ್ಡಲಾಗಿ ಹಿಮಾಲಯ.

ಮಾರ್ಚಿನಲ್ಲಿ ಹೊರಟ ಹಕ್ಕಿ ಆ ಗೋಡೆಯನ್ನು ಏರುವ ಬಗೆ ಬಹಳ ಕಾಲ ಕಥೆಯಾಗಿಯೇ ಉಳಿದಿತ್ತು. ಎವರೆಸ್ಟ್ ಶಿಖರದ ನೆತ್ತಿಯ ಮೇಲೆ ಹಾರುತ್ತದೆ ಎಂದು ಇಂದಿಗೂ ಕೆಲವು ಪುಸ್ತಕಗಳಲ್ಲಿ ಓದಬಹುದು. ಹಕ್ಕಿಗಳ ಬೆನ್ನಿಗೆ ಉಪಗ್ರಹ ಸಂಪರ್ಕದ ಯಂತ್ರ ಕಟ್ಟಿ ನೋಡಿದಾಗ ತಿಳಿದದ್ದು ಬೇರೆ. 2011ರಲ್ಲಿ ಪ್ರಕಟವಾದ ಅಧ್ಯಯನದಂತೆ ಅವು ಏಳೆಂಟು ಗಂಟೆಗಳಲ್ಲಿ ಬಯಲಿನಿಂದ ಆರು ಸಾವಿರ ಮೀಟರ್ ಎತ್ತರಕ್ಕೆ ರೆಕ್ಕೆ ಬಡಿಯುತ್ತಲೇ ಏರಬಲ್ಲವು. ಅದೂ ಹಗಲಿನ ಮೇಲ್ಮುಖ ಗಾಳಿಯ ನೆರವು ಪಡೆದು ಅಲ್ಲ, ರಾತ್ರಿ ಮತ್ತು ಬೆಳಗಿನ ಜಾವದ ನಿಶ್ಚಲ, ತಣ್ಣನೆಯ, ಸಾಂದ್ರವಾದ ಗಾಳಿಯಲ್ಲಿ. 2015ರ ಇನ್ನೊಂದು ಅಧ್ಯಯನ ಮತ್ತೂ ಸ್ವಾರಸ್ಯದ್ದು. ಹೆಬ್ಬಾತು ಒಮ್ಮೆ ಎತ್ತರಕ್ಕೇರಿ ಅಲ್ಲೇ ನೇರವಾಗಿ ಹೋಗುವುದಿಲ್ಲ. ಕಣಿವೆ ಬಂದಲ್ಲಿ ಇಳಿಯುತ್ತದೆ, ಬೆಟ್ಟ ಬಂದಲ್ಲಿ ಏರುತ್ತದೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಕಳೆದುಕೊಳ್ಳುವುದು ದಡ್ಡತನದಂತೆ ಕಂಡರೂ, ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಅದಕ್ಕಿಂತ ಹೆಚ್ಚು. ಇಂಥ ಅಧ್ಯಯನಗಳಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್; ಎವರೆಸ್ಟ್ 8,849 ಮೀಟರ್. ಶಿಖರ ಹತ್ತುವುದು ಮನುಷ್ಯನ ಹುಚ್ಚು, ಹಕ್ಕಿಗೆ ಬೇಕಾದದ್ದು ದಾರಿ. ಅದರ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಆಗಿರುವ ಒಂದು ಪುಟ್ಟ ರಾಸಾಯನಿಕ ಬದಲಾವಣೆ, ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಕೊಟ್ಟಿದೆ. ಜೀವಶಾಸ್ತ್ರದ ಪರೀಕ್ಷೆಗೆ ಹಿಮೋಗ್ಲೋಬಿನ್ ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಆ ಪಾಠದ ಜೊತೆಗೆ ಮಾಗಡಿ ಕೆರೆಯನ್ನೂ ನೆನೆಯಬಹುದು.

ಹಾರಾಟಕ್ಕೆ ಬೇಕಾದ ಇಂಧನ ತುಂಬುವುದು ಎಲ್ಲಿ? ಇಲ್ಲಿ, ನಮ್ಮ ನೆಲದಲ್ಲಿ. ಕೆಲವು ಸಣ್ಣ ಹಕ್ಕಿಗಳು ಹೊರಡುವ ಮುಂಚೆ ತೂಕದ ಅರ್ಧದಷ್ಟು ಕೊಬ್ಬು ಸೇರಿಸಿಕೊಳ್ಳುತ್ತವೆ. ಗದ್ದೆಗೊರವಗಳಂಥ ಉದ್ದಕಾಲಿನ ಹಕ್ಕಿಗಳಿಗೆ ಆ ಕೊಬ್ಬು ಬರುವುದು ಬತ್ತುವ ಕೆರೆಯ ಕೆಸರಿನಿಂದ. ಫೆಬ್ರುವರಿಯಲ್ಲಿ ನೀರು ಹಿಂದೆ ಸರಿದಂತೆ ಹುಳುಹುಪ್ಪಟೆ ತುಂಬಿದ ಕೆಸರಿನ ಅಂಚು ತೆರೆದುಕೊಳ್ಳುತ್ತದೆ. ನಮಗೆ ಕೊಳಕಾಗಿ ಕಾಣುವ ಆ ಜಾಗವೇ ಅವುಗಳ ಊಟದ ಪಂಕ್ತಿ. ನಗರಗಳಲ್ಲಿ ಕೆರೆ ‘ಅಭಿವೃದ್ಧಿ’ ಎಂದರೆ ಹೂಳೆತ್ತಿ, ಬಟ್ಟಲಿನಂತೆ ಆಳ ಮಾಡಿ, ಸುತ್ತ ಕಲ್ಲು ಕಟ್ಟಿ ನಡಿಗೆಪಥ ಹಾಕುವುದು ಎಂದಾಗಿದೆ. ನೋಡಲು ಚಂದ, ನೀರೂ ತುಂಬಿರುತ್ತದೆ. ಕೆಸರಿನ ಅಂಚು ಮಾತ್ರ ಇರುವುದಿಲ್ಲ, ಗದ್ದೆಗೊರವವೂ ಇರುವುದಿಲ್ಲ. ಒಂದು ಮೂಲೆಯನ್ನಾದರೂ ಇಳಿಜಾರಾಗಿ, ಕೆಸರಾಗಿ ಬಿಡಲು ಏನು ತೊಂದರೆ ಎಂಬುದು ನನಗೆ ಅರ್ಥವಾಗಿಲ್ಲ.

ಕವಣೆಯ ಕಲ್ಲು, ಮುತ್ತುಗದ ಜೇನು

ಉತ್ತರ ಕರ್ನಾಟಕದ ರೈತರಿಗೆ ಚಳಿಗಾಲದ ಎಲ್ಲ ಅತಿಥಿಗಳೂ ಪ್ರಿಯರಲ್ಲ. ಹಿಂಗಾರಿ ಬಿಳಿಜೋಳ ಹಾಲುಗಟ್ಟಿ, ಹೊಲದಲ್ಲಿ ಸೀತನಿ ತಿನ್ನುವ ದಿನಗಳಲ್ಲಿ ಗುಲಾಬಿ ಮೈನಾಗಳ ದೊಡ್ಡ ಹಿಂಡುಗಳು ಬಂದು ತೆನೆಗೆ ಎರಗುತ್ತವೆ. ಕರಿಯ ತಲೆ, ಕರಿಯ ರೆಕ್ಕೆ, ನಡುವೆ ಗುಲಾಬಿ ಮೈ. ಅಟ್ಟಣಿಗೆ ಏರಿ, ಕವಣೆ ಬೀಸಿ, ಡಬ್ಬ ಬಡಿದು ಹಕ್ಕಿ ಕಾಯುವುದು ಆ ಸೀಮೆಯ ಮಕ್ಕಳಿಗೆ ಹೊಸದಲ್ಲ. ಅದೇ ಹಕ್ಕಿ ಮೇ ತಿಂಗಳಿನಲ್ಲಿ ಕಜಾಕ್‌ಸ್ತಾನದ ಸುತ್ತಿನ ಬಯಲುಗಳಿಗೆ ಹೋಗಿ ಕಲ್ಲುಗುಪ್ಪೆಗಳ ಸಂದಿಯಲ್ಲಿ ಗೂಡು ಮಾಡಿದಾಗ ಮರಿಗಳಿಗೆ ತಿನ್ನಿಸುವುದು ಮಿಡತೆಗಳನ್ನು. ಚೀನಾದ ಶಿಂಜಿಯಾಂಗ್ ಪ್ರಾಂತದಲ್ಲಿ ಮಿಡತೆ ಹಾವಳಿ ತಡೆಯಲೆಂದೇ ಇವುಗಳಿಗೆ ಕಲ್ಲು ಪೇರಿಸಿ ಗೂಡಿನ ಜಾಗ ಕಟ್ಟಿಕೊಟ್ಟಿದ್ದಾರೆ. ಇಲ್ಲಿ ಕಳ್ಳ, ಅಲ್ಲಿ ಕಾವಲುಗಾರ. ಒಂದೇ ಹಕ್ಕಿಗೆ ಎರಡು ಊರಿನಲ್ಲಿ ಎರಡು ಹೆಸರು.

ಜೋಳದ ಸುಗ್ಗಿ ಮುಗಿದ ಮೇಲೂ ಮೈನಾಗಳು ಕೂಡಲೇ ಹೊರಡುವುದಿಲ್ಲ. ಆ ಹೊತ್ತಿಗೆ ಎಲೆಯುದುರಿಸಿ ನಿಂತ ಮುತ್ತುಗದ ಮರಗಳಿಗೆ ಬೆಂಕಿ ಬಿದ್ದಂತೆ ಕೆಂಪು ಹೂ ಬಂದಿರುತ್ತದೆ. ಬೂರುಗದ ಮರದಲ್ಲೂ ದಪ್ಪ ಕೆಂಪು ಹೂಗಳು. ಎರಡರಲ್ಲೂ ಜೇನು ಯಥೇಚ್ಛ. ಬೆಳಿಗ್ಗೆ ಏಳರ ಹೊತ್ತಿಗೆ ಹೂಬಿಟ್ಟ ಮುತ್ತುಗದ ಕೆಳಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ. ಮೈನಾ, ಸೂರಕ್ಕಿ, ಪಿಕಳಾರ, ಕಾಜಾಣ, ಅಳಿಲು, ಎಲ್ಲರಿಗೂ ಅಲ್ಲಿ ಒಂದೇ ಛತ್ರ. ಕೊಕ್ಕು, ಹಣೆಗಳಿಗೆಲ್ಲ ಹಳದಿ ಪರಾಗ ಮೆತ್ತಿರುತ್ತದೆ. ಊರಿಗೆ ಹೋಗುವವರು ಬುತ್ತಿ ಕಟ್ಟಿಕೊಳ್ಳುವುದೂ ಇಲ್ಲೇ, ಇಲ್ಲೇ ಇರುವವರು ಗೂಡು ಕಟ್ಟುವ ಮುಂಚೆ ಮೈ ತುಂಬಿಕೊಳ್ಳುವುದೂ ಇಲ್ಲೇ.

ಹೋಗದವರ ಹಾಡು

ಕೋಗಿಲೆ ವಸಂತದಲ್ಲಿ ಬರುತ್ತದೆ ಎಂದು ನಾವೆಲ್ಲ ಓದಿದ್ದೇವೆ. ನಿಜವಾಗಿ ಅದು ಎಲ್ಲಿಗೂ ಹೋಗಿರುವುದಿಲ್ಲ. ಚಳಿಗಾಲದಲ್ಲಿ ಸದ್ದಿಲ್ಲದೆ ಆಲದ, ಅತ್ತಿಯ ಹಣ್ಣು ತಿನ್ನುತ್ತ ಎಲೆಮರೆಯಲ್ಲಿ ಇದ್ದುಬಿಡುತ್ತದೆ. ಫೆಬ್ರುವರಿಯಲ್ಲಿ ಒಂದು ಬೆಳಗಿನ ಜಾವ ಅರೆಮನಸ್ಸಿನ ಒಂದೆರಡು ಕೂಗು. ಮಾರ್ಚಿನ ಹೊತ್ತಿಗೆ ನಿದ್ದೆ ಕೆಡಿಸುವಷ್ಟು ಜೋರು. ಕೂಗುವುದು ಕರಿಯ ಗಂಡು. ಕಂದು ಮೈಮೇಲೆ ಬಿಳಿ ಚುಕ್ಕೆಯ ಹೆಣ್ಣು ‘ಕಿಕ್ ಕಿಕ್’ ಎಂದು ಚುರುಕಾಗಿ ಸದ್ದು ಮಾಡುತ್ತದೆ. ಅದನ್ನು ಬೇರೆಯೇ ಹಕ್ಕಿ ಎಂದುಕೊಂಡವರು ಬಹಳ. ಕಾಗೆಗಳು ಗೂಡು ಕಟ್ಟುವ ಕಾಲಕ್ಕೆ ಸರಿಯಾಗಿ ಈ ಗಲಾಟೆ, ಏಕೆಂದರೆ ಮೊಟ್ಟೆಯಿಡಬೇಕಾದುದು ಅಲ್ಲಿಯೇ.

ನನಗೆ ಕೋಗಿಲೆಗಿಂತ ಮಡಿವಾಳ ಹಕ್ಕಿಯ ಮೇಲೆ ಹೆಚ್ಚು ಪ್ರೀತಿ. ಕಪ್ಪು ಬಿಳುಪಿನ ಈ ಹಕ್ಕಿ ಚಳಿಗಾಲವಿಡೀ ಬೇಲಿಯ ಬುಡದಲ್ಲಿ ಹುಳ ಹುಡುಕುತ್ತ, ಆಗೊಮ್ಮೆ ಈಗೊಮ್ಮೆ ಒರಟಾಗಿ ಗೊಣಗುತ್ತ ಇರುತ್ತದೆ. ಅದಕ್ಕೆ ಹಾಡು ಬರುತ್ತದೆಂದು ಆಗ ಯಾರೂ ನಂಬಲಾರರು. ಹೊಂಗೆ ಹಳೆಯ ಎಲೆ ಕಳಚಿ ತಳಿರು ತೊಡುವ ದಿನಗಳಲ್ಲಿ ಗಂಡು ಮಡಿವಾಳ ವಿದ್ಯುತ್ ಕಂಬದ ತುದಿಗೋ ಟಿ.ವಿ. ಕೇಬಲ್ಲಿನ ಮೇಲಕ್ಕೋ ಏರಿ ಕುಳಿತು ಸೂರ್ಯ ಹುಟ್ಟುವ ಮುಂಚೆಯೇ ಶುರುಮಾಡುತ್ತದೆ. ಒಂದು ಸಾಲು ಹಾಡಿ, ನಿಲ್ಲಿಸಿ, ತುಸು ಬದಲಿಸಿ ಮತ್ತೆ. ಪರೀಕ್ಷೆಗೆ ಓದಲು ಐದಕ್ಕೆ ಎದ್ದ ಮಕ್ಕಳಿಗೆ ಈ ಸಂಗೀತ ಬಿಟ್ಟಿ ಸಿಗುತ್ತದೆ. ಓದಿನ ಮಧ್ಯೆ ಎರಡು ನಿಮಿಷ ಕಿಟಕಿ ತೆರೆದರೆ ಅಂಕ ಕಡಿಮೆಯಾಗಲಾರದು. ತಂದೆತಾಯಿಯರು ಇದೊಂದಕ್ಕೆ ಅನುಮತಿ ಕೊಡಬೇಕು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ವಸಂತ ಊರಿನ ನಡುವೆಯೇ ನಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಂದ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ಮಗ್ಗುಲ ಹುಣಿಸೆ, ಅರಳಿ, ಆಲದ ಮರಗಳಲ್ಲಿ ಗೂಡು ಕಟ್ಟಿ, ಮಾರ್ಚಿನ ಹೊತ್ತಿಗೆ ಮರದ ತುಂಬ ಮರಿಗಳ ಕಿರುಚಾಟ. ಅಂಗಳಕ್ಕೆ ಮೀನು ಬೀಳುತ್ತದೆ, ಹಿಕ್ಕೆ ಬೀಳುತ್ತದೆ, ವಾಸನೆಯೂ ಕಡಿಮೆಯದಲ್ಲ. ಗೂಡಿರುವ ಮರದ ಹುಣಿಸೆಹಣ್ಣಿನ ಆಸೆಯನ್ನು ಜನ ಬಿಟ್ಟಿದ್ದಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆ ಅಲ್ಲಿ ಹಳೆಯದು. ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ ಎಂಬ ಲೆಕ್ಕವೂ ಜೊತೆಗಿದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಊರವರ ಮಟ್ಟಿಗೆ ಅದು ಮೊದಲೇ ಹಾಗೆ ಇತ್ತು.

ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಷಂ ಎಂಬ ಜಮೀನುದಾರ ಇದ್ದ. ಮರ ನೆಡುವ ಹುಚ್ಚಿನವನು. 1736ರಿಂದ ಅವನು ಒಂದು ಕೆಲಸ ಹಿಡಿದ: ಪ್ರತಿವರ್ಷ ಮೊದಲ ಕವಲುತೋಕೆ ಕಂಡ ದಿನ, ಮೊದಲ ಕುಕ್ಕೂ ಕೂಗಿದ ದಿನ, ಯಾವ ಮರ ಯಾವಾಗ ಚಿಗುರಿತು, ಎಲ್ಲವನ್ನೂ ಬರೆದಿಡುವುದು. 1797ರಲ್ಲಿ ತೀರಿಕೊಳ್ಳುವವರೆಗೂ ಬರೆದ. ಆಮೇಲೆ ಅವನ ವಂಶದವರು ಮುಂದುವರಿಸಿ 1958ರವರೆಗೆ ಬರೆದರು. ಎರಡು ಶತಮಾನ ಮೀರಿದ ಆ ಪುಟಗಳನ್ನು ಇಂದು ಹವಾಮಾನ ವಿಜ್ಞಾನಿಗಳು ಕಣ್ಣಿಗೊತ್ತಿಕೊಳ್ಳುತ್ತಾರೆ, ವಸಂತ ಎಷ್ಟು ದಿನ ಮುಂದಕ್ಕೋ ಹಿಂದಕ್ಕೋ ಸರಿದಿದೆ ಎಂದು ಲೆಕ್ಕ ಹಾಕಲು. ಮಾರ್ಷಂನ ಬಳಿ ಇದ್ದ ಉಪಕರಣ ಒಂದು ಪುಸ್ತಕ ಮತ್ತು ಲೇಖನಿ.

ಭಾರತದಲ್ಲಿ ಇಂಥ ಕೆಲಸ ಸಾರ್ವಜನಿಕವಾಗಿ ಆರಂಭವಾದದ್ದು ತಡವಾಗಿ. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ‘ಮೈಗ್ರಂಟ್ ವಾಚ್’ ಎಂಬ ಯೋಜನೆ ಹೊರಟಿತು. ವಲಸೆ ಹಕ್ಕಿಯನ್ನು ಮೊದಲು ನೋಡಿದ ದಿನ, ಕೊನೆಗೆ ನೋಡಿದ ದಿನ ಬರೆದು ಕಳಿಸಿ ಎಂದು ಜನಸಾಮಾನ್ಯರನ್ನು ಕೇಳಿತು. ಈಗ ‘ಇ-ಬರ್ಡ್’ ಜಾಲದಲ್ಲಿ ಯಾರು ಬೇಕಾದರೂ ತಾವು ನೋಡಿದ್ದನ್ನು ದಾಖಲಿಸಬಹುದು. 2013ರಿಂದ ಪ್ರತಿ ಫೆಬ್ರುವರಿಯ ನಡುವೆ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಭಾರತವೂ ಸೇರಿಕೊಂಡಿದೆ. ‘ಸೀಸನ್ ವಾಚ್’ ಯೋಜನೆಯಲ್ಲಿ ಶಾಲಾ ಮಕ್ಕಳು ವಾರಕ್ಕೊಮ್ಮೆ ಒಂದೇ ಮರವನ್ನು ನೋಡಿ ಎಲೆ, ಹೂ, ಕಾಯಿಗಳ ಸ್ಥಿತಿ ಬರೆಯುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ನಮಗಿಂತ ಬಹಳ ಮುಂದಿವೆ.

ಇವೆಲ್ಲ ಹವ್ಯಾಸದ ಮಾತಾಗಿ ಉಳಿದಿಲ್ಲ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಗೆ ಆಧಾರವಾದದ್ದು ಸುಮಾರು ಮೂವತ್ತು ಸಾವಿರ ಹವ್ಯಾಸಿಗಳು ಬರೆದ ಮೂರು ಕೋಟಿ ಟಿಪ್ಪಣಿಗಳು. ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಇದ್ದ 338 ಜಾತಿಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ ಎಂದು ಅದು ಹೇಳಿತು. ದೂರದಿಂದ ವಲಸೆ ಬರುವವು ಹೆಚ್ಚು ಕುಸಿದ ಗುಂಪಿನಲ್ಲಿವೆ. ಕಾರಣ ಇಲ್ಲಿಯದೋ, ಅಲ್ಲಿಯದೋ, ದಾರಿಯದೋ ಎಂದು ಹೇಳಬೇಕಾದರೆ ಇನ್ನಷ್ಟು ಟಿಪ್ಪಣಿ ಬೇಕು.

ಟಿಪ್ಪಣಿಗಳಲ್ಲಿ ಒಂದು ದೊಡ್ಡ ತೂತಿದೆ. ಹಕ್ಕಿ ಬಂದ ದಿನವನ್ನು ಬರೆಯುವುದು ಸುಲಭ, ಕಂಡಕೂಡಲೇ ಗೊತ್ತಾಗುತ್ತದೆ. ಹೋದ ದಿನ ಹಾಗಲ್ಲ. ಇಂದು ಕಂಡ ಸಿಪಿಲೆ ಈ ವರ್ಷದ ಕೊನೆಯ ಸಿಪಿಲೆ ಎಂದು ಇಂದೇ ಹೇಳಲು ಬಾರದು; ನಾಳೆ, ನಾಡಿದ್ದು, ಒಂದು ವಾರ ಕಾಣದೆ ಹೋದ ಮೇಲೆ ಹಿಂದಿರುಗಿ ನೋಡಬೇಕು. ಆದ್ದರಿಂದ ‘ಕಂಡೆ’ ಎಂದು ದಿನವೂ ಬರೆದವನಿಗೆ ಮಾತ್ರ ಅದು ದಕ್ಕುತ್ತದೆ. ಇಲ್ಲಿ ದೊಡ್ಡ ವಿಜ್ಞಾನಿಗಳಿಗಿಂತ ಶಾಲೆಗೆ ಹೋಗುವ ಹುಡುಗ ಹುಡುಗಿಯರಿಗೆ ಅನುಕೂಲ ಹೆಚ್ಚು. ದಿನವೂ ಅದೇ ದಾರಿ, ಅದೇ ಹೊತ್ತು, ಅದೇ ಮೋರಿ, ಅದೇ ಮರ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಮೂಲೆಗೊಂದು ‘ಸಿ’ ಬರೆದರೆ ಸಿಪಿಲೆ ಕಂಡಿತೆಂದು ಅರ್ಥ. ಕಾಣದಿದ್ದರೆ ಒಂದು ಅಡ್ಡಗೆರೆ. ನೋಡಲು ಹೋಗಲೇ ಇಲ್ಲವಾದರೆ ಖಾಲಿ ಬಿಡಿ. ಕಾಣಲಿಲ್ಲ ಎನ್ನುವುದಕ್ಕೂ ನೋಡಲಿಲ್ಲ ಎನ್ನುವುದಕ್ಕೂ ವ್ಯತ್ಯಾಸ ಬಹಳ. ಗಡ್ಡ ಶುರುವಾದ ದಿನ, ಮೊದಲ ಕೋಗಿಲೆ, ಮಡಿವಾಳನ ಮೊದಲ ಹಾಡು, ಹೊಂಗೆಯ ತಳಿರು, ಬೇವಿನ ಮೊದಲ ಹೂ, ಇಷ್ಟು ಸಾಕು. ಹಕ್ಕಿಯ ಗುರುತು ಸಿಗದಿದ್ದರೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಪುಸ್ತಕ ನೋಡಬಹುದು. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ರದ್ದಿಗೆ ಹಾಕದಂತೆ ನೋಡಿಕೊಳ್ಳುವುದು ಅಮ್ಮನ ಪಾಲಿನ ಕೆಲಸ ಎನ್ನಬೇಡಿ, ಅಪ್ಪನೂ ಮಾಡಬಹುದು.

ಪರೀಕ್ಷೆ ಮುಗಿಯುವ ತನಕ ಕಾಯುವವರಿಗೂ ಒಂದು ಅತಿಥಿ ಉಳಿದಿರುತ್ತದೆ. ನವರಂಗ ಎಂಬ ಆ ಹಕ್ಕಿಯ ಮೈಮೇಲೆ ಹಸಿರು, ನೀಲಿ, ಕೆಂಪು, ಹಳದಿ, ಕಪ್ಪು, ಬಿಳಿ ಎಲ್ಲವೂ ಇವೆ, ಬಾಲ ಮಾತ್ರ ಮೊಟಕು. ಮಧ್ಯ ಮತ್ತು ಉತ್ತರ ಭಾರತದ ಕಾಡುಗಳಲ್ಲಿ ಮರಿ ಮಾಡುವ ಇದು ಅಕ್ಟೋಬರಿನಲ್ಲಿ ಇಲ್ಲಿಗೆ ಬರುವಾಗ ದಣಿದು ಬೆಂಗಳೂರಿನ ಮನೆಗಳ ವರಾಂಡದಲ್ಲಿ, ಕೆಲವೊಮ್ಮೆ ಬಚ್ಚಲಲ್ಲಿ ಕುಳಿತಿರುವುದುಂಟು. ಆಮೇಲೆ ತೋಟದ ಪೊದೆಯ ಕೆಳಗೆ ತರಗೆಲೆ ಕೆದಕುತ್ತ ಮರೆಯಾಗಿಬಿಡುತ್ತದೆ. ಇದೆ ಎಂದು ತಿಳಿಯುವುದು ಬೆಳಿಗ್ಗೆ ಆರರ ಸುಮಾರಿಗೆ, ಸಂಜೆ ಆರರ ಸುಮಾರಿಗೆ ಒಮ್ಮೆ ಕೇಳುವ ಜೋಡಿ ಸಿಳ್ಳಿನಿಂದ. ತಮಿಳರು ಇದನ್ನು ಆರು ಗಂಟೆಯ ಹಕ್ಕಿ ಎನ್ನುತ್ತಾರೆ. ಏಪ್ರಿಲ್ ಕೊನೆಯ ತನಕ ಆ ಸಿಳ್ಳು ಕೇಳಬಹುದು. ಸಂಜೆ ಆರಕ್ಕೆ ತೋಟದ ಬಾಗಿಲಲ್ಲಿ ನಿಂತು ಕಿವಿಗೊಡಿ, ಕೇಳಿದರೆ ಕ್ಯಾಲೆಂಡರಿನಲ್ಲಿ ಒಂದು ‘ನ’ ಬರೆಯಿರಿ.